ಎತ್ತಿನ ಹಲ್ಲು ನೋಡುವ ಅಪ್ಪ, ನಾಯಿಯ ಬಿಲ್ ಕಟ್ಟಿದ ಮಗ

46,300 ರೂಪಾಯಿ. ಒಂದು ನಾಯಿಯ ಬಾಯಿಗೆ. ಬಿಲ್ ಕೈಗೆ ಬಂದಾಗ ನಾನು ಮಾಡಿದ್ದು ಒಂದೇ ಕೆಲಸ: ಫೋನ್ ತೆಗೆದು ಸ್ಕ್ಯಾನ್ ಮಾಡಿ ಕಟ್ಟಿಬಿಟ್ಟೆ. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

ಆಫೀಸಿನಲ್ಲಿ ನಾನು ಹಾಗಲ್ಲ. ಕ್ಲೌಡ್ ಬಿಲ್ ಎರಡು ಸಾವಿರ ಜಾಸ್ತಿ ಬಂದರೂ ಯಾವ ಸರ್ವರ್, ಯಾರು ಆನ್ ಮಾಡಿದ್ದು, ಯಾಕೆ ಆಫ್ ಮಾಡಲಿಲ್ಲ ಅಂತ ಮೀಟಿಂಗ್ ಕರೆಯೋ ಮನುಷ್ಯ. ಆದರೆ ಅವತ್ತು ಮೇಜಿನ ಮೇಲೆ ಮಲಗಿದ್ದದ್ದು ನಮ್ಮ ಕರಿಯ.

ಕರಿಯ ಯಾವ ಜಾತಿ ನಾಯಿಯೂ ಅಲ್ಲ. ಆಳಂದ ತಾಲೂಕಿನ ಜಿಡಗಾ ನಮ್ಮೂರು. ಏಳು ವರ್ಷದ ಹಿಂದೆ ತೊಗರಿ ರಾಶಿ ಮಾಡುವ ಹೊತ್ತಿನಲ್ಲಿ ನಮ್ಮ ಹೊಲದ ಬದುವಿನಲ್ಲಿ ಸಿಕ್ಕ ಮರಿ. ಅವ್ವನ ಕೈಯ ಜೋಳದ ರೊಟ್ಟಿ ತಿಂದು ಬೆಳೆದವನನ್ನು ನಾನು ಬೆಂಗಳೂರಿಗೆ ಕರ್ಕೊಂಡು ಬಂದೆ. ಅಲ್ಲಿ ಅವನಿಗೆ ಪ್ಯಾಕೆಟ್ ಊಟ, ಭಾನುವಾರಕ್ಕೊಂದು ಗಟ್ಟಿ ಎಲುಬು. ಪ್ರೀತಿ ಅಂದರೆ ಇದೇ ಅಂದುಕೊಂಡಿದ್ದೆ.

ಕಳೆದ ವರ್ಷ ಅವನ ಬಾಯಿಂದ ವಾಸನೆ ಶುರುವಾಯಿತು. ನಾಯಿ ಬಾಯಿ ಅಂದ್ಮೇಲೆ ವಾಸನೆ ಇದ್ದೇ ಇರುತ್ತೆ ಅಂತ ಸುಮ್ಮನಾದೆ. ಆಮೇಲೆ ಒಂದೇ ಕಡೆಯಿಂದ ಅಗಿಯತೊಡಗಿದ. ಕೊನೆಗೆ ಬಲಗಣ್ಣಿನ ಕೆಳಗೆ ನಿಂಬೆಹಣ್ಣಿನಷ್ಟು ಬಾವು ಬಂತು.

ಹೋದದ್ದು ಎಸಿ, ಸೋಫಾ, ಕಾಫಿ ಮಷೀನ್ ಎಲ್ಲಾ ಇದ್ದ ಒಂದು ಖಾಸಗಿ ಕ್ಲಿನಿಕ್‌ಗೆ. ಫೋನಿನಲ್ಲಿ ‘ಎಂಟು ಸಾವಿರದಿಂದ ಶುರು’ ಅಂದಿದ್ದರು. ಐದು ನಿಮಿಷ ನೋಡಿ, "ಇವತ್ತೇ ಮಾಡಬೇಕು, ತಡ ಮಾಡಿದರೆ ಕಣ್ಣಿಗೆ ತೊಂದರೆ" ಅಂದರು. ಎರಡು ಪುಟದ ಒಪ್ಪಿಗೆ ಪತ್ರಕ್ಕೆ ಓದದೇ ಸಹಿ ಹಾಕಿದೆ. ಸಂಜೆ ನಾಲ್ಕು ಹಲ್ಲು ಕಿತ್ತಿದ್ದೇವೆ ಅಂದರು. ರಕ್ತ ಪರೀಕ್ಷೆ, ಅರಿವಳಿಕೆ, ಕ್ಲೀನಿಂಗ್, ಡ್ರಿಪ್, ಅರ್ಧ ದಿನದ ರೂಮ್ ಬಾಡಿಗೆ, ಎಲ್ಲಾ ಸೇರಿ ಆ ಮೊತ್ತ.

ಆ್ಯಂಟಿಬಯೋಟಿಕ್ ಮುಗಿಯುವಷ್ಟರಲ್ಲಿ ಬಾವು ಇಳಿಯಿತು. ಆರು ವಾರಕ್ಕೆ ಅದೇ ಜಾಗದಲ್ಲಿ ಮತ್ತೆ ಬಂತು. ಕ್ಲಿನಿಕ್‌ಗೆ ಫೋನ್ ಮಾಡಿದರೆ ಬಂದ ಉತ್ತರ: "ಕರ್ಕೊಂಡು ಬನ್ನಿ ಸರ್, ಹಳೇ ಕಸ್ಟಮರ್‌ಗೆ ಹತ್ತು ಪರ್ಸೆಂಟ್ ಡಿಸ್ಕೌಂಟ್ ಇದೆ."

ಆ ವಾರ ದೀಪಾವಳಿ ರಜೆ. ಸಿಟ್ಟಿನಲ್ಲೇ ಕರಿಯನನ್ನು ಕಾರಿನಲ್ಲಿ ಹಾಕಿಕೊಂಡು ಊರಿಗೆ ಹೋದೆ.

ಅಪ್ಪ ಕೇಳಿದ ಪ್ರಶ್ನೆ

ಅಪ್ಪ ಕಟ್ಟೆ ಮೇಲೆ ಕೂತು ನಾಯಿಯ ಮುಖ ನೋಡಿದ. ಬಿಲ್ ಎಷ್ಟು ಅಂತ ಕೇಳಲಿಲ್ಲ.

"ಯಾವ ಹಲ್ಲು ಕಿತ್ತ್ಯಾರ?"

"ಗೊತ್ತಿಲ್ಲಪ್ಪಾ."

"ನೀ ಬಾಯಿ ತಗದು ನೋಡಿಲ್ಲೇನು?"

ನಮ್ಮ ಕಡೆ ಎತ್ತಿನ ಬಾಯಿ ನೋಡದೇ ಯಾರೂ ರೊಕ್ಕ ಕೊಡಲ್ಲ. ಎರಡು ಹಲ್ಲಿಂದೋ, ನಾಲ್ಕು ಹಲ್ಲಿಂದೋ, ಬಾಯಿಗೂಡಿದ್ದೋ ಅಂತ ಹಲ್ಲಿನಲ್ಲೇ ವಯಸ್ಸು ಹೇಳುತ್ತಾರೆ. ಸಂತೆಯಲ್ಲಿ ಮಾರುವವನ ಮಾತನ್ನು ನಂಬದ ಅಪ್ಪನ ಮಗ ನಾನು, ಏಳು ವರ್ಷದಲ್ಲಿ ಒಮ್ಮೆಯೂ ಕರಿಯನ ತುಟಿ ಎತ್ತಿ ನೋಡಿರಲಿಲ್ಲ.

ಮರುದಿನ ಆಳಂದದ ಸರ್ಕಾರಿ ಪಶು ಆಸ್ಪತ್ರೆಗೆ ಹೋದೆವು. ಡಾಕ್ಟರು ಬಾಯಿ ನೋಡಿ, ನನ್ನ ಫೈಲ್ ತಿರುವಿ ಹಾಕಿ ಕೇಳಿದರು: "ಎಕ್ಸ್‌ರೇ ಎಲ್ಲದರೀ?" ಇರಲಿಲ್ಲ. ಯಾವ ಹಲ್ಲು ತೆಗೆದರು ಅನ್ನೋದೂ ಕಾಗದದಲ್ಲಿ ಇರಲಿಲ್ಲ. ‘ಹಲ್ಲು ಕೀಳುವುದು – 4’ ಅಂತ ಬರೆದಿತ್ತು, ಅಷ್ಟೇ.

ಅವರು ತಿಳಿಸಿ ಹೇಳಿದ್ದು ಇದು. ನಾಯಿಗೆ 42 ಹಲ್ಲು, ನಮಗಿಂತ ಹತ್ತು ಜಾಸ್ತಿ. ಮೇಲಿನ ದವಡೆಯ ಎರಡೂ ಕಡೆ ಒಂದೊಂದು ದೊಡ್ಡ ಹಲ್ಲಿರುತ್ತದೆ, ಮಾಂಸ ಕತ್ತರಿಸೋಕೆ. ಅದಕ್ಕೆ ಮೂರು ಬೇರು. ಗಟ್ಟಿ ಎಲುಬು ಕಡಿದಾಗ ಮೊದಲು ಸೀಳುವುದು ಹೆಚ್ಚಾಗಿ ಇದೇ. ಸೀಳಿನಿಂದ ಸೋಂಕು ಒಳಗಿಳಿದು ಬೇರಿನ ತುದಿಯಲ್ಲಿ ಕೀವು ತುಂಬಿದರೆ ಬಾವು ಕಾಣಿಸೋದು ಕಣ್ಣಿನ ಕೆಳಗೆ. ಹಲ್ಲು ಕೀಳುವಾಗ ಒಂದು ಬೇರು ಮುರಿದು ಒಳಗೇ ಉಳಿದರೆ ಔಷಧಿ ಇರೋವರೆಗೆ ಆರಾಮ, ಆಮೇಲೆ ಮತ್ತೆ ಅದೇ ಕಥೆ. ಎಕ್ಸ್‌ರೇ ಇಲ್ಲದೇ ಇದು ಕಣ್ಣಿಗೆ ಕಾಣಲ್ಲ.

"ಬೀದರಿಗೆ ಒಯ್ರಿ" ಅಂದರು. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರೋದೇ ಬೀದರಿನಲ್ಲಿ. ಕಾಲೇಜಿನ ಜೊತೆ ಆಸ್ಪತ್ರೆಯೂ ಇದೆ. ಎಕ್ಸ್‌ರೇಯಲ್ಲಿ ಬೇರಿನ ತುಂಡು ಬಿಳಿ ಮುಳ್ಳಿನ ಹಾಗೆ ಕಂಡಿತು. ಅರಿವಳಿಕೆ ಕೊಟ್ಟು ತೆಗೆದರು. ಕಾರಿನ ಡೀಸೆಲ್‌ಗೆ ಆದ ಖರ್ಚೇ ಚಿಕಿತ್ಸೆಗಿಂತ ಜಾಸ್ತಿ.

ದುಬಾರಿ ಅಂದರೆ ಮೋಸ ಅಂತಲ್ಲ

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ನಾಯಿಯ ಹಲ್ಲಿನ ಚಿಕಿತ್ಸೆ ಖರ್ಚಿನದ್ದೇ. ನಾವು ಕುರ್ಚಿಯಲ್ಲಿ ಬಾಯಿ ತೆರೆದು ಕೂರುತ್ತೇವೆ, ನಾಯಿ ಕೂರಲ್ಲ. ಪೂರ್ತಿ ಅರಿವಳಿಕೆ ಬೇಕು. ಅದಕ್ಕೆ ಮೊದಲು ರಕ್ತ ಪರೀಕ್ಷೆ, ನಡುವೆ ಉಸಿರು, ಹೃದಯದ ಬಡಿತ ನೋಡಿಕೊಳ್ಳಲು ಒಬ್ಬರು ಬೇಕು. ‘ಅರಿವಳಿಕೆ ಇಲ್ಲದೇ ಅಗ್ಗದಲ್ಲಿ ಕ್ಲೀನಿಂಗ್’ ಅನ್ನೋರು ಹಲ್ಲಿನ ಹೊರಮೈ ಬೆಳ್ಳಗೆ ಮಾಡಿ ಕೊಡುತ್ತಾರೆ. ಕಾಯಿಲೆ ಇರೋದು ವಸಡಿನ ಒಳಗೆ. ಹಾಗಾಗಿ ನನ್ನ ತಕರಾರು ಮೊತ್ತದ ಬಗ್ಗೆ ಅಲ್ಲ. ಅಷ್ಟು ಕೊಟ್ಟರೂ ಮಾಡಲೇಬೇಕಾದ ಎಕ್ಸ್‌ರೇ ಮಾಡಲಿಲ್ಲ, ಮಾಡಿದ್ದನ್ನು ಸರಿಯಾಗಿ ಬರೆದೂ ಕೊಡಲಿಲ್ಲ. ಮತ್ತು ನಾನು ಕೇಳಲಿಲ್ಲ.

ಯಾಕೆ ಕೇಳಲಿಲ್ಲ? ದುಡ್ಡಿನ ಮಾತೆತ್ತಿದರೆ ನಾಯಿ ಮೇಲೆ ಪ್ರೀತಿ ಇಲ್ಲ ಅಂದುಕೊಂಡಾರು ಅನ್ನೋ ನಾಚಿಕೆ. ವಾಸನೆ ಬಂದಾಗಲೇ ಕರ್ಕೊಂಡು ಹೋಗಲಿಲ್ಲ ಅನ್ನೋ ತಪ್ಪಿತಸ್ಥ ಭಾವ. ಈ ಎರಡೂ ಇದ್ದವನ ಕೈಯಿಂದ ಸಹಿ ಹಾಕಿಸೋದು ಸುಲಭ.

ನಿಮ್ಮ ಮನೆಯಲ್ಲೂ ಕರಿಯನಂಥವನಿದ್ದರೆ, ಸಹಿಗೆ ಮೊದಲು ಇಷ್ಟು ಕೇಳಿ:

1. ಒಂದೊಂದು ಖರ್ಚನ್ನೂ ಬೇರೆ ಬೇರೆ ಬರೆದ ಅಂದಾಜು ಕೊಡುತ್ತೀರಾ? ಹೆಚ್ಚೆಂದರೆ ಎಷ್ಟಾಗಬಹುದು?
2. ಹಲ್ಲು ಕೀಳುವ ಮೊದಲು, ಕಿತ್ತ ಮೇಲೆ ಎಕ್ಸ್‌ರೇ ತೆಗೆಯುತ್ತೀರಾ? ಅದರ ಪ್ರತಿ ನನಗೆ ಸಿಗುತ್ತಾ?
3. ಅಂದಾಜಿಗಿಂತ ಜಾಸ್ತಿ ಹಲ್ಲು ತೆಗೆಯಬೇಕಾದರೆ ನನಗೆ ಫೋನ್ ಮಾಡುತ್ತೀರಾ?
4. ಅರಿವಳಿಕೆಯ ಹೊತ್ತಿನಲ್ಲಿ ನೋಡಿಕೊಳ್ಳೋರು ಯಾರು?
5. ಇವತ್ತೇ ಮಾಡಬೇಕಾ, ಎರಡು ದಿನ ಔಷಧಿ ಕೊಟ್ಟು ಇನ್ನೊಬ್ಬರಿಗೆ ತೋರಿಸಬಹುದಾ?

ಒಳ್ಳೆಯ ಡಾಕ್ಟರು ಈ ಪ್ರಶ್ನೆಗಳಿಗೆ ಸಿಟ್ಟಾಗಲ್ಲ. ಎಲ್ಲಾ ಕಾಗದ ಎತ್ತಿಡಿ. ವೈದ್ಯರ ನಡವಳಿಕೆಯ ದೂರಿಗೆ ರಾಜ್ಯ ಪಶುವೈದ್ಯಕೀಯ ಪರಿಷತ್ತು ಇದೆ. ಸೇವೆಯ ಕೊರತೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ನಾನು ಬೀದರಿನ ಎಕ್ಸ್‌ರೇ ಲಗತ್ತಿಸಿ ಕ್ಲಿನಿಕ್‌ಗೆ ಪತ್ರ ಬರೆದಿದ್ದೇನೆ. ಉತ್ತರ ಬರದಿದ್ದರೆ ಮುಂದಿನ ಹೆಜ್ಜೆ ಅದೇ.

ಈಗ ಗಟ್ಟಿ ಎಲುಬು ಬಂದ್. ದಿನಾ ರಾತ್ರಿ ನಾಯಿಗಳದ್ದೇ ಪೇಸ್ಟ್ ಹಚ್ಚಿ ಹಲ್ಲುಜ್ಜುತ್ತೇನೆ. ನಮ್ಮ ಪೇಸ್ಟ್ ಬೇಡ. ಕೆಲವದರಲ್ಲಿರುವ ಝೈಲಿಟಾಲ್ ನಾಯಿಗೆ ವಿಷ. ಮೊದಮೊದಲು ಕರಿಯ ಗುರ್ರ್ ಅಂತಿದ್ದ, ಈಗ ತಾನೇ ಬಂದು ಕೂರುತ್ತಾನೆ.

ಭಾನುವಾರ ಅಪ್ಪನ ಫೋನ್ ಬರುತ್ತೆ. ಮೊದಲೆಲ್ಲಾ "ಉಂಡೇನು?" ಅಂತಿದ್ದ. ಈಗ ಮೊದಲ ಮಾತೇ, "ಬಾಯಿ ನೋಡಿದೇನು?"

"ನೋಡ್ದೆ ಅಪ್ಪಾ. 38 ಹಲ್ಲು ಅವ. ಎಲ್ಲಾ ಛಲೋ ಅವ."