ಅಟ್ಟದ ಮೇಲಿನ ಟೇಪ್ ರೆಕಾರ್ಡರ್‌ಗೆ ಮತ್ತೆ ಕೆಲಸ ಕೊಡಿ

ನಿಮ್ಮ ಮನೆಯ ಅಟ್ಟದ ಮೇಲೋ ಮಂಚದ ಕೆಳಗೋ ಹಳೆಯ ಟೇಪ್ ರೆಕಾರ್ಡರ್ ಒಂದು ಇದೆಯೇ? ಧೂಳು ಹಿಡಿದ ಆಂಪ್ಲಿಫೈಯರ್, ಮರದ ಪೆಟ್ಟಿಗೆಯ ಒಂದು ಜೊತೆ ಸ್ಪೀಕರ್? ಹಾಗಿದ್ದರೆ ಅವನ್ನು ಗುಜರಿಗೆ ಹಾಕುವ ಮೊದಲು ಸ್ವಲ್ಪ ಯೋಚಿಸಿ. ಅವು ಇಂದಿನ ಮೊಬೈಲ್ ಜೊತೆ ಸೇರಿ ಕೆಲಸ ಮಾಡಬಲ್ಲವು. ಮೊಬೈಲಿನಿಂದ ಆಗದ ಒಂದು ಕೆಲಸವನ್ನೂ ಮಾಡಬಲ್ಲವು.

1970 ಮತ್ತು 80ರ ದಶಕಗಳಲ್ಲಿ ನಮ್ಮ ಕರಾವಳಿಯಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರು ರಜೆಯಲ್ಲಿ ಬರುವಾಗ ತರುತ್ತಿದ್ದ ಸಾಮಾನುಗಳಲ್ಲಿ ‘ಟೂ-ಇನ್-ವನ್’ಗೆ ವಿಶೇಷ ಸ್ಥಾನವಿತ್ತು. ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಒಂದೇ ಪೆಟ್ಟಿಗೆಯಲ್ಲಿದ್ದ ಆ ಯಂತ್ರ ಹಲವು ಮನೆಗಳ ಚಾವಡಿಯ ಅಲಂಕಾರವಾಗಿತ್ತು. ನಮ್ಮ ದೇಶದಲ್ಲೂ ಫಿಲಿಪ್ಸ್, 1970ರಲ್ಲಿ ಕೋಲ್ಕತ್ತದಲ್ಲಿ ಆರಂಭವಾದ ಸೋನೋಡೈನ್ ಮುಂತಾದ ಕಂಪೆನಿಗಳ ಉಪಕರಣಗಳು ಮನೆ ಮನೆಗೆ ಬಂದವು. ಅಂದು ಹಾಡೋ ಭಾಷಣವೋ ಹಾಕಿದರೆ ಅಡುಗೆ ಮನೆಯಲ್ಲಿದ್ದ ಉಮ್ಮನಿಗೂ ಅಂಗಳದಲ್ಲಿದ್ದ ಅಜ್ಜನಿಗೂ ಕೇಳುತ್ತಿತ್ತು.

ಇಂದು ಎಲ್ಲವೂ ಮೊಬೈಲಿನಲ್ಲಿದೆ. ಆದರೆ ಒಂದೇ ಕೋಣೆಯಲ್ಲಿ ನಾಲ್ವರು ಕುಳಿತಿದ್ದರೂ ಒಬ್ಬೊಬ್ಬರ ಕಿವಿಯಲ್ಲೂ ಬೇರೆ ಬೇರೆ ಇಯರ್‌ಫೋನ್. ಮಕ್ಕಳು ಏನು ಕೇಳುತ್ತಿದ್ದಾರೆಂದು ಹೆತ್ತವರಿಗೆ ತಿಳಿಯದು. ಕಿವಿಯ ಆರೋಗ್ಯದ ಪ್ರಶ್ನೆಯೂ ಇದೆ. 12ರಿಂದ 35 ವರ್ಷದೊಳಗಿನ 100 ಕೋಟಿಗೂ ಹೆಚ್ಚು ಮಂದಿ ಜೋರಾದ ಸದ್ದಿನಿಂದ ಶ್ರವಣಶಕ್ತಿ ಕಳೆದುಕೊಳ್ಳುವ ಅಪಾಯದಲ್ಲಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಚ್ಚರಿಸಿತ್ತು.

ಬದಲಾಗುವುದು ಯಾವುದು, ಉಳಿಯುವುದು ಯಾವುದು?

ಧ್ವನಿಯನ್ನು ತಂದುಕೊಡುವ ಸಾಧನ ಬದಲಾಗುತ್ತಲೇ ಇರುತ್ತದೆ. 1948ರಲ್ಲಿ ಎಲ್.ಪಿ. ರೆಕಾರ್ಡ್ ಬಂತು. 1963ರಲ್ಲಿ ಫಿಲಿಪ್ಸ್ ಕಂಪೆನಿ ಕ್ಯಾಸೆಟ್ಟನ್ನು ಪರಿಚಯಿಸಿತು. 1982ರಲ್ಲಿ ಸಿ.ಡಿ. ಬಂತು. ಈಗ ಇಂಟರ್ನೆಟ್ ಮೂಲಕ ನೇರವಾಗಿ ಹರಿದುಬರುವ ಸ್ಟ್ರೀಮಿಂಗ್. ಅದರಲ್ಲೂ ಸ್ಥಿರತೆ ಇಲ್ಲ. ರೆಸ್ಸೋ ಮತ್ತು ವಿಂಕ್ ಎಂಬ ಎರಡು ಸಂಗೀತ ಆ್ಯಪ್‌ಗಳು 2024ರ ಒಂದೇ ವರ್ಷದಲ್ಲಿ ಭಾರತದಲ್ಲಿ ಬಾಗಿಲು ಮುಚ್ಚಿದವು.

ಆದರೆ ಆಂಪ್ಲಿಫೈಯರ್ ಮತ್ತು ಸ್ಪೀಕರ್‌ನ ಕೆಲಸ ಅಂದಿಗೂ ಇಂದಿಗೂ ಒಂದೇ. ಸಣ್ಣ ವಿದ್ಯುತ್ ಸಂಕೇತವನ್ನು ದೊಡ್ಡದು ಮಾಡಿ ಗಾಳಿಯನ್ನು ಅಲುಗಿಸುವುದು. ಮೊಬೈಲಿನಲ್ಲಿ ಧ್ವನಿ ಅಂಕಿಗಳ ರೂಪದಲ್ಲಿರುತ್ತದೆ. ಸಿ.ಡಿ. ಗುಣಮಟ್ಟದಲ್ಲಾದರೆ ಸೆಕೆಂಡಿಗೆ 44,100 ಅಳತೆಗಳು. ಹಳೆಯ ಆಂಪ್ಲಿಫೈಯರ್‌ಗೆ ಈ ಅಂಕಿಗಳು ಅರ್ಥವಾಗುವುದಿಲ್ಲ, ಅದಕ್ಕೆ ಅಲೆಯೇ ಬೇಕು. ಅಂಕಿಯನ್ನು ಅಲೆಯಾಗಿ ಬದಲಿಸುವ ಪುಟ್ಟ ಸಾಧನಕ್ಕೆ ‘ಡ್ಯಾಕ್’ ಎನ್ನುತ್ತಾರೆ. ಹಳೆಯದಕ್ಕೂ ಹೊಸದಕ್ಕೂ ನಡುವೆ ದುಭಾಷಿಯಂತೆ ನಿಲ್ಲುವುದು ಇದೇ.

ಮೊದಲು ಸುರಕ್ಷತೆ

ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರವನ್ನು ಒಮ್ಮೆಲೇ ಪ್ಲಗ್‌ಗೆ ಚುಚ್ಚಬೇಡಿ. ಒಳಗಿನ ಕೆಪಾಸಿಟರ್‌ಗಳು ಒಣಗಿರಬಹುದು, ಇಲಿ ವಯರ್ ಕಡಿದಿರಬಹುದು. ರೇಡಿಯೋ ರಿಪೇರಿ ಬಲ್ಲವರಲ್ಲಿ ಒಯ್ದು ತೋರಿಸಿ. ಅನುಭವಿ ಮೆಕ್ಯಾನಿಕ್‌ಗಳು ಮೊದಲ ಸಲ ಇಂತಹ ಯಂತ್ರವನ್ನು ‘ಸೀರೀಸ್ ಬಲ್ಬ್’ ಮೂಲಕ ಚಾಲೂ ಮಾಡುತ್ತಾರೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ಯಂತ್ರ ಸುಡುವುದಿಲ್ಲ. ನೀವಾಗಿ ಮುಚ್ಚಳ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ.

ಸ್ಪೀಕರ್‌ನ ಮುಂಭಾಗದ ಬಟ್ಟೆ ಸರಿಸಿ ಕೋನ್‌ನ ಅಂಚನ್ನು ನೋಡಿ. ಅದು ಫೋಮ್‌ನದ್ದಾಗಿದ್ದು ಪುಡಿಯಾಗುತ್ತಿದ್ದರೆ ಬದಲಿಸಬೇಕು. ಸ್ಪೀಕರ್ ರಿಪೇರಿ ಮಾಡುವವರು ಇದನ್ನು ಮಾಡಿಕೊಡುತ್ತಾರೆ. ರಬ್ಬರ್ ಅಥವಾ ಬಟ್ಟೆಯ ಅಂಚು ಹೆಚ್ಚು ಬಾಳುತ್ತದೆ. ವಾಲ್ಯೂಮ್ ತಿರುಗಿಸುವಾಗ ಕರಕರ ಸದ್ದು ಬಂದರೆ, ಪ್ಲಗ್ ಕಿತ್ತು ಗುಂಡಿಯನ್ನು ಹಲವು ಸಲ ಆ ಕಡೆ ಈ ಕಡೆ ತಿರುಗಿಸಿ. ಹೋಗದಿದ್ದರೆ ಕಾಂಟಾಕ್ಟ್ ಕ್ಲೀನರ್ ಬೇಕು. ಎಣ್ಣೆಯನ್ನಂತೂ ಬಿಡಲೇಬೇಡಿ.

ಜೋಡಿಸುವುದು ಹೇಗೆ?

ಆಂಪ್ಲಿಫೈಯರ್‌ನ ಹಿಂಭಾಗದಲ್ಲಿ ಆಕ್ಸ್, ಟ್ಯೂನರ್, ಟೇಪ್, ಸಿ.ಡಿ. ಎಂದು ಬರೆದ ಕಿಂಡಿಗಳಿರುತ್ತವೆ. ಇವುಗಳಲ್ಲಿ ಯಾವುದಕ್ಕಾದರೂ ಮೊಬೈಲಿನ ಧ್ವನಿಯನ್ನು ಕೊಡಬಹುದು. ಆದರೆ ‘ಫೋನೋ’ ಎಂದು ಬರೆದಲ್ಲಿಗೆ ಕೊಡಬೇಡಿ. ಆ ಹೆಸರು ನೋಡಿ ಅದು ಫೋನಿಗೆ ಎಂದು ತಿಳಿಯುವವರಿದ್ದಾರೆ. ಅದು ಗ್ರಾಮಫೋನ್ ರೆಕಾರ್ಡ್ ಪ್ಲೇಯರ್‌ಗೆ ಮೀಸಲು. ಅದರ ಸೂಜಿಯಿಂದ ಬರುವ ಸಂಕೇತ ಕೆಲವೇ ಮಿಲಿವೋಲ್ಟ್‌ನಷ್ಟು. ಮೊಬೈಲಿನ ಸಂಕೇತ ಅದಕ್ಕಿಂತ ನೂರಾರು ಪಟ್ಟು ದೊಡ್ಡದು. ಅಲ್ಲಿಗೆ ಕೊಟ್ಟರೆ ಧ್ವನಿ ಒಡೆದುಹೋಗುತ್ತದೆ.

ದಾರಿಗಳು ಮೂರು.

ಒಂದು, ವಯರ್. ಮೊಬೈಲಿನ ಇಯರ್‌ಫೋನ್ ಕಿಂಡಿಯಿಂದ ಆಕ್ಸ್‌ಗೆ ಒಂದು ಕೇಬಲ್ ಸಾಕು. 2016ರಲ್ಲಿ ಐಫೋನ್ 7 ಈ ಕಿಂಡಿಯನ್ನು ಕೈಬಿಟ್ಟ ಮೇಲೆ ಬೇರೆ ಕಂಪೆನಿಗಳೂ ಹಾಗೆಯೇ ಮಾಡಿದವು. ನಿಮ್ಮ ಮೊಬೈಲಿನಲ್ಲಿ ಕಿಂಡಿ ಇಲ್ಲದಿದ್ದರೆ ಚಾರ್ಜಿಂಗ್ ಕಿಂಡಿಗೆ ಸಿಕ್ಕಿಸುವ, ಒಳಗೇ ಡ್ಯಾಕ್ ಇರುವ ಪುಟ್ಟ ಅಡಾಪ್ಟರ್ ಕೊಳ್ಳಿ. ಮೊಬೈಲಿನ ವಾಲ್ಯೂಮ್ ಮುಕ್ಕಾಲು ಭಾಗ ಏರಿಸಿಟ್ಟು ಮಿಕ್ಕಿದ್ದನ್ನು ಆಂಪ್ಲಿಫೈಯರ್‌ನಲ್ಲಿ ಸರಿಪಡಿಸಿ. ಚಾಲೂ ಮಾಡುವಾಗ ಆಂಪ್ಲಿಫೈಯರ್ ಸೊನ್ನೆಯಲ್ಲಿರಲಿ.

ಎರಡು, ಬ್ಲೂಟೂತ್ ರಿಸೀವರ್. ಬೆಂಕಿಪೆಟ್ಟಿಗೆಯಷ್ಟು ಚಿಕ್ಕದಾದ ಇದು ಕೆಲವು ನೂರು ರೂಪಾಯಿಗಳಿಂದ ಸಿಗುತ್ತದೆ. ಇದನ್ನು ಆಂಪ್ಲಿಫೈಯರ್‌ಗೆ ಜೋಡಿಸಿಟ್ಟರೆ ಸುಮಾರು 10 ಮೀಟರ್ ದೂರದಿಂದ ಮೊಬೈಲಿನ ಧ್ವನಿ ತಲುಪುತ್ತದೆ. ನಡುವೆ ಗೋಡೆ ಇದ್ದರೆ ದೂರ ಕಡಿಮೆಯಾಗುತ್ತದೆ. ಕರೆ ಬಂದಾಗ ಹಾಡು ನಿಲ್ಲುವುದು, ಮೆಸೇಜಿನ ಸದ್ದು ಇಡೀ ಮನೆಗೆ ಕೇಳಿಸುವುದು ಇದರ ತೊಂದರೆ. ಇದಕ್ಕೆ ಸುಲಭ ಪರಿಹಾರವಿದೆ. ಪರದೆ ಒಡೆದು ಮೂಲೆ ಸೇರಿದ ಹಳೆಯ ಮೊಬೈಲನ್ನು ಸಿಮ್ ಇಲ್ಲದೆ, ಮನೆಯ ವೈಫೈ ಮಾತ್ರ ಕೊಟ್ಟು ಈ ಕೆಲಸಕ್ಕೇ ಇಟ್ಟುಬಿಡಿ. ಆಕಾಶವಾಣಿಯ ‘ನ್ಯೂಸ್ ಆನ್ ಏರ್’ ಆ್ಯಪ್ ಹಾಕಿಕೊಂಡರೆ ಅಜ್ಜ ಅಜ್ಜಿಯರಿಗೆ ರೇಡಿಯೋ ಕೂಡ ಸಿಕ್ಕಂತಾಗುತ್ತದೆ.

ಮೂರು, ಕ್ಯಾಸೆಟ್ ಅಡಾಪ್ಟರ್. ಟೂ-ಇನ್-ವನ್‌ಗಳಲ್ಲಿ ಹಲವಕ್ಕೆ ಆಕ್ಸ್ ಕಿಂಡಿ ಇರುವುದಿಲ್ಲ. ಅದಕ್ಕೆಂದೇ ಕ್ಯಾಸೆಟ್ ಆಕಾರದ, ಬಾಲದಂತೆ ವಯರ್ ಇರುವ ಸಾಧನವೊಂದಿದೆ. ವಯರನ್ನು ಮೊಬೈಲಿಗೂ ಕ್ಯಾಸೆಟ್ಟನ್ನು ಯಂತ್ರಕ್ಕೂ ಹಾಕಿ ಪ್ಲೇ ಒತ್ತಿದರಾಯಿತು. ಒಳಗಿನ ಪುಟ್ಟ ಕಾಂತೀಯ ಹೆಡ್, ಟೇಪ್ ಓಡುತ್ತಿರುವಂತೆಯೇ ಯಂತ್ರಕ್ಕೆ ಸಂಕೇತ ಕೊಡುತ್ತದೆ.

ಜೋಡಿಸಿದ ಮೇಲೆ ‘ಹಂ’ ಎಂಬ ಸದ್ದು ಬಂದರೆ ಮೊದಲು ಮೊಬೈಲ್ ಅಥವಾ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ನೋಡಿ. ಹೆಚ್ಚಾಗಿ ತೊಂದರೆ ಅಲ್ಲಿರುತ್ತದೆ. ಸದ್ದು ಹೋಗಲೆಂದು ಪ್ಲಗ್‌ನ ಅರ್ಥ್ ಪಿನ್ ಮಾತ್ರ ತೆಗೆಯಬೇಡಿ. ಜೀವಕ್ಕೇ ಅಪಾಯ.

ಇನ್ನೊಂದು ಕೆಲಸ, ಹೆಚ್ಚು ತುರ್ತಿನದು

ಇಷ್ಟು ಹೊತ್ತು ಹೊಸ ಧ್ವನಿಯನ್ನು ಹಳೆಯ ಯಂತ್ರಕ್ಕೆ ತರುವ ಮಾತಾಯಿತು. ಹಳೆಯ ಧ್ವನಿಯನ್ನು ಹೊಸ ಸಾಧನಕ್ಕೆ ತರುವುದು ಅದಕ್ಕಿಂತ ಮುಖ್ಯ.

ಫೋನ್ ಕರೆ ದುಬಾರಿಯಾಗಿದ್ದ ಕಾಲದಲ್ಲಿ ಕೊಲ್ಲಿಯಲ್ಲಿದ್ದವರಿಗೆ ಮನೆಯವರು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳುಹಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಊರಿಗೆ ಹೋಗಿ ಬರುವವರ ಕೈಯಲ್ಲಿ ಆ ಕ್ಯಾಸೆಟ್‌ಗಳು ಪ್ರಯಾಣ ಮಾಡುತ್ತಿದ್ದವು. ಅಕ್ಷರ ಬಾರದ ತಾಯಿಗೆ ಅದೇ ಪತ್ರ. ಮಗು ಮೊದಲ ಸಲ ‘ಉಪ್ಪಾ’ ಎಂದದ್ದು, ನಿಕಾಹ್‌ನ ದಿನದ ಗದ್ದಲ, ಅಜ್ಜಿ ಹೇಳಿದ ಕಥೆ ಯಾವುದೋ ಕ್ಯಾಸೆಟ್ಟಿನಲ್ಲಿ ಇರಬಹುದು. ಮಾತಾಡಿದವರಲ್ಲಿ ಹಲವರು ಇಂದು ನಮ್ಮೊಂದಿಗಿಲ್ಲ. ಈ ಧ್ವನಿ ಯಾವ ಆ್ಯಪಿನಲ್ಲೂ ಸಿಗದು.

ಕ್ಯಾಸೆಟ್ಟಿನ ಪಟ್ಟಿ 4 ಮಿಲಿಮೀಟರಿಗಿಂತಲೂ ಕಿರಿದು. ನಮ್ಮ ಕರಾವಳಿಯ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಬಿಳಿ ಬೂಷ್ಟು ಕಂಡರೆ ಆ ಕ್ಯಾಸೆಟ್ ಹಾಕಬೇಡಿ, ಯಂತ್ರದ ಹೆಡ್‌ಗೂ ಅಂಟಿ ಬೇರೆ ಕ್ಯಾಸೆಟ್ಟಿಗೂ ಹರಡುತ್ತದೆ. ಅದನ್ನು ಬಲ್ಲವರ ಕೈಗೆ ಕೊಡಿ. ಉಳಿದವುಗಳಿಗೆ ಹೀಗೆ ಮಾಡಿ.

ಯಂತ್ರದ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರಸಿ. ಕ್ಯಾಸೆಟ್ಟಿನ ಹಿಂದಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಡಿ. ಆಗ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಧ್ವನಿ ಅಳಿಸಿಹೋಗುವುದಿಲ್ಲ. ಯಂತ್ರದ ಲೈನ್ ಔಟ್ ಅಥವಾ ಇಯರ್‌ಫೋನ್ ಕಿಂಡಿಯಿಂದ, ಲೈನ್ ಇನ್ ಇರುವ ಯು.ಎಸ್.ಬಿ. ಸೌಂಡ್ ಕಾರ್ಡ್ ಮೂಲಕ ಕಂಪ್ಯೂಟರಿಗೆ ಜೋಡಿಸಿ. ಉಚಿತವಾಗಿ ಸಿಗುವ ಅಡಾಸಿಟಿ ಎಂಬ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡಿ. ಇದಕ್ಕೆ ಒಳದಾರಿ ಇಲ್ಲ. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷ ಕೂರಲೇಬೇಕು. ಮೂಲ ಪ್ರತಿಯನ್ನು ‘ವೇವ್’ ರೂಪದಲ್ಲಿ ಉಳಿಸಿ, ಒಂದು ಗಂಟೆಗೆ ಸುಮಾರು 600 ಎಂ.ಬಿ. ಜಾಗ ಬೇಕು. ಅದನ್ನು ಕನಿಷ್ಠ ಎರಡು ಬೇರೆ ಬೇರೆ ಕಡೆ ಇಡಿ. ಬಂಧುಗಳಿಗೆ ಕಳುಹಿಸಲು ಎಂಪಿ3 ಸಾಕು.

ಕ್ಯಾಸೆಟ್‌ಗಳನ್ನು ಸ್ಪೀಕರ್ ಮೇಲೆ ಇಡಬೇಡಿ. ಒಳಗಿನ ಅಯಸ್ಕಾಂತ ಧ್ವನಿಯನ್ನು ಕೆಡಿಸಬಹುದು.

ಕೊನೆಯದಾಗಿ ಒಂದು ಮಾತು. ಕ್ಯಾಸೆಟ್ಟಿನಲ್ಲಿ ಮಾತಾಡುತ್ತಿರುವುದು ಯಾರು, ಯಾವ ವರ್ಷ, ಹಿಂದೆ ಅಳುತ್ತಿರುವ ಮಗು ಯಾವುದು ಎಂಬುದನ್ನು ಮನೆಯ ಹಿರಿಯರು ಬದುಕಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ರೆಕಾರ್ಡ್ ಮಾಡುವಾಗ ಅವರನ್ನೂ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಧ್ವನಿ ದೊಡ್ಡ ಸ್ಪೀಕರಿನಲ್ಲಿ ಬರಲಿ. ಬರುವ ಮಳೆಗಾಲಕ್ಕೆ ಮೊದಲೇ ಆ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ.