ಚದುರಂಗದ ಮಣೆಯಲ್ಲಿ ಅಡಗಿದ ಸಂಖ್ಯೆ

ಚದುರಂಗವನ್ನು ಕಂಡುಹಿಡಿದವನು ಅರಸನಲ್ಲಿ ಬೇಡಿದ ಬಹುಮಾನದ ಕಥೆಯನ್ನು ಕೇಳದವರು ವಿರಳ. ಮೊದಲನೆಯ ಮನೆಗೆ ಒಂದು ಗೋಧಿಯ ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೆ 64 ಮನೆಗಳಿಗೂ ಇಮ್ಮಡಿಸುತ್ತ ಹೋದರೆ ಒಟ್ಟು ಕಾಳುಗಳು 1,84,46,74,40,73,70,95,51,615. ಅರಸನ ಕಣಜವಿರಲಿ, ಭೂಮಂಡಲದ ಕಣಜಗಳೆಲ್ಲ ಬರಿದಾದರೂ ಸಾಲದು. ಕಥೆ ಇಲ್ಲಿಗೆ ಮುಗಿಯುತ್ತದೆ. ಗಣಿತಜ್ಞರ ಸ್ವಾರಸ್ಯ ಆರಂಭವಾಗುವುದು ಇಲ್ಲಿಂದಲೇ.

ಇದೇ ಸಂಖ್ಯೆ ಮತ್ತೊಂದು ಆಟದಲ್ಲಿಯೂ ಕಾಣಿಸಿಕೊಂಡಿತು. 1883ರಲ್ಲಿ ಫ್ರಾನ್ಸಿನ ಎದುವಾರ್ ಲ್ಯೂಕಾ ರಚಿಸಿದ ‘ಹನೋಯ್ ಗೋಪುರ’ದಲ್ಲಿ ಒಂದು ಕಂಬದ ಬಿಲ್ಲೆಗಳನ್ನು ಇನ್ನೊಂದು ಕಂಬಕ್ಕೆ ಸಾಗಿಸಬೇಕು. ನಡುವೆ ಆಸರೆಗೆ ಮೂರನೆಯ ಕಂಬ ಉಂಟು. ಒಂದು ಸಲಕ್ಕೆ ಒಂದೇ ಬಿಲ್ಲೆ. ಚಿಕ್ಕದರ ಮೇಲೆ ದೊಡ್ಡದನ್ನು ಇಡುವಂತಿಲ್ಲ. ಕಾಶಿಯ ದೇವಾಲಯವೊಂದರಲ್ಲಿ ಅರ್ಚಕರು 64 ಚಿನ್ನದ ಬಿಲ್ಲೆಗಳನ್ನು ಹೀಗೆಯೇ ಸಾಗಿಸುತ್ತಿರುವರೆಂಬ ಕಟ್ಟುಕಥೆಯೂ ಫ್ರಾನ್ಸಿನಲ್ಲಿಯೇ ಹುಟ್ಟಿತು. ಅದಕ್ಕೆ ಬೇಕಾಗುವ ಚಲನೆಗಳು ಕಾಳುಗಳಷ್ಟೇ. ಕ್ಷಣಕ್ಕೊಂದರಂತೆ, ಅಂದರೆ ಸೆಕೆಂಡಿಗೆ ಒಂದರಂತೆ ನಡೆಸಿದರೂ 58,000 ಕೋಟಿ ವರ್ಷಗಳು ಮೀರುತ್ತವೆ.

ಇನ್ನು ಸಂಖ್ಯೆಯ ಒಳಹೊಕ್ಕು ನೋಡೋಣ. 15 ಎಂಬುದು 4ರ ವರ್ಗವಾದ 16ಕ್ಕಿಂತ ಒಂದು ಕಡಿಮೆ. ಆದುದರಿಂದಲೇ ಅದು 4ಕ್ಕಿಂತ ಒಂದು ಕಡಿಮೆಯಾದ 3 ಮತ್ತು ಒಂದು ಹೆಚ್ಚಾದ 5, ಇವುಗಳ ಗುಣಲಬ್ಧ. ಚದುರಂಗದ ಸಂಖ್ಯೆಯೂ 4,29,49,67,296ರ ವರ್ಗಕ್ಕಿಂತ ಒಂದು ಕಡಿಮೆ. ಆದ್ದರಿಂದ ಅದು 4,29,49,67,295 ಮತ್ತು 4,29,49,67,297 ಎಂದು ಒಡೆಯುತ್ತದೆ. ಇವುಗಳಲ್ಲಿ ಚಿಕ್ಕದು ಅದೇ ಕ್ರಮದಲ್ಲಿ ಮತ್ತೆ ಮತ್ತೆ ಒಡೆಯುತ್ತ ಹೋಗಿ, ಕೊನೆಗೆ ಆರು ಸಂಖ್ಯೆಗಳು ಉಳಿಯುತ್ತವೆ: 3, 5, 17, 257, 65,537 ಮತ್ತು 4,29,49,67,297.

ಮೊದಲ ಐದೂ ಅವಿಭಾಜ್ಯ ಸಂಖ್ಯೆಗಳು. ಆರನೆಯದು? ಫ್ರಾನ್ಸಿನ ತುಲೂಸ್ ನಗರದ ನ್ಯಾಯಾಧಿಕಾರಿಯೂ ಮಹಾ ಗಣಿತಜ್ಞನೂ ಆಗಿದ್ದ ಪಿಯರ್ ಫರ್ಮಾ, ಅದೂ ಆ ಸಾಲಿನಲ್ಲಿ ಮುಂದೆ ಬರುವವೆಲ್ಲವೂ ಅವಿಭಾಜ್ಯಗಳೇ ಎಂದು 1640ರಲ್ಲಿ ಬರೆದನು. ಸಾಧಿಸಿ ತೋರಿಸಲು ಆತನಿಂದ ಆಗಿರಲಿಲ್ಲ. ಆದರೂ ನಂಬಿಕೆ ಬಲವಾಗಿತ್ತು. ಅಂತಹವನ ಮಾತು 92 ವರ್ಷಗಳ ಕಾಲ ನಿಂತಿತು.

1732ರಲ್ಲಿ 25ರ ತರುಣ ಲಿಯೊನಾರ್ಡ್ ಆಯ್ಲರ್ ಅದನ್ನು ಮುರಿದನು. 4,29,49,67,297 ಎಂಬುದು 641 ಮತ್ತು 67,00,417ರ ಗುಣಲಬ್ಧವೆಂದು ತೋರಿಸಿದನು. ಇದನ್ನು ಭಾಗಿಸಬಲ್ಲ ಯಾವ ಅವಿಭಾಜ್ಯವೇ ಆಗಲಿ, 64ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕೆಂದು ಅವನೇ ಮುಂದೆ ಸಾಧಿಸಿದನು. ಅಂತಹವು ಕ್ರಮವಾಗಿ 193, 257, 449, 577, 641. ಅಂದರೆ ಐದನೆಯ ಭಾಗಾಕಾರದಲ್ಲಿಯೇ ಗುಟ್ಟು ರಟ್ಟು! ಕಾಗದ, ಲೇಖನಿ, ಅರ್ಧ ಗಂಟೆಯ ತಾಳ್ಮೆ ಇದ್ದರೆ ಶಾಲೆಯ ಬಾಲಕನೂ ಸರಿನೋಡಬಹುದಾದ ಲೆಕ್ಕವಿದು.

ಫರ್ಮಾನ ಸಾಲಿನಲ್ಲಿ ಆರನೆಯ ಅವಿಭಾಜ್ಯ ಇಂದಿಗೂ ದೊರೆತಿಲ್ಲ. ದೊರೆಯಲಾರದೆಂದು ಸಾಧಿಸಿದವರೂ ಇಲ್ಲ.