ಮಕ್ಕಳ ಕೈಗೆ ಮೊಬೈಲ್

2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಮೊಬೈಲೇ ತರಗತಿಯಾಯಿತು. ಆಗ ಸರಕಾರದ ವಿದ್ಯಾಗಮ ಯೋಜನೆಯು ಮಕ್ಕಳನ್ನು ಸ್ಮಾರ್ಟ್‌ಫೋನ್ ಇರುವವರು, ಇಲ್ಲದವರು ಎಂದು ಗುಂಪು ಮಾಡಬೇಕಾಯಿತು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪ್‌ನಲ್ಲಿ ಪಾಠ ತೆರೆಯುವುದು ಒಳ್ಳೆಯ ಸೌಲಭ್ಯವೇ. ಆದರೆ ಫೋನ್ ಪಕ್ಕದಲ್ಲಿದ್ದರೂ ಸಾಕು, ಮಕ್ಕಳ ಗಮನ ಚದುರುತ್ತದೆಂದು ಯುನೆಸ್ಕೊ 2023ರ ವರದಿಯಲ್ಲಿ ಎಚ್ಚರಿಸಿದೆ.

ಶಾಲೆಗೆ ಮಕ್ಕಳೇ ಫೋನ್ ತರಲಿ ಎನ್ನುವವರು ಮನೆಯ ಸ್ಥಿತಿಯನ್ನೂ ನೋಡಬೇಕು. ವಿಜಯನಗರವಿರಲಿ, ಕೆಂಗೇರಿಯಿರಲಿ, ಆಟೋ ಓಡಿಸುವ ತಂದೆಯ ಜೇಬಿನಲ್ಲಿರುವ ಒಂದೇ ಫೋನ್ ಮನೆಗೆ ಬರುವುದು ರಾತ್ರಿಗೆ. ಅದೂ ಮೊದಲು ಮಗನ ಕೈಗೆ ಹೋದರೆ ಮಗಳ ಪಾಠ ಉಳಿದುಹೋಗುತ್ತದೆ. ವಿದ್ಯಾರ್ಜನೆಯನ್ನು ಕಡ್ಡಾಯಗೊಳಿಸಿದ ಪ್ರವಾದಿ(ಸ)ಯವರು ಹೆಣ್ಣುಮಕ್ಕಳನ್ನು ಹೊರಗಿಡಲಿಲ್ಲ.

ತಾಯಂದಿರೇ, ಮೊಬೈಲ್ ಒಂದು ಅಮಾನತ್. ಮಗಳಿಗೂ ಸಮಯ ಗೊತ್ತುಪಡಿಸಿ. ಬಾಗಿಲು ಹಾಕಿಕೊಂಡಲ್ಲ, ನಿಮ್ಮ ಕಣ್ಣೆದುರೇ ಬಳಸಲಿ.